ಕುರುಡು ಚಿತ್ತೆ

ಕುಮಾರಪರ್ವತದ ತುದಿಗೂ ಶೇಷಪರ್ವತಕ್ಕೂ ನಡುವೆ ಕಾಡು ತುಂಬಿದ ಒಂದು ತಗ್ಗಿದೆ. ಮರಗಳೆಲ್ಲ ಕುಳ್ಳು, ಮೈತುಂಬ ಪಾಚಿ, ಕಾಲಡಿಗೆ ಸದಾ ಒದ್ದೆ ಕಲ್ಲು. ಚಾರಣಕ್ಕೆ ಹೋದವರು ಅಲ್ಲಿ ನಿಲ್ಲುವುದಿಲ್ಲ. ತುದಿ ಮುಟ್ಟುವ ಆತುರದಲ್ಲೋ ಕೆಳಗಿಳಿಯುವ ಆತುರದಲ್ಲೋ ದಾಟಿಬಿಡುತ್ತಾರೆ. 2005ರ ಅಕ್ಟೋಬರ್ 22ರ ಶನಿವಾರ ಮಧ್ಯಾಹ್ನ ನಾನು ಆ ತಗ್ಗಿನಲ್ಲಿ ಒಂದೂಮುಕ್ಕಾಲು ಗಂಟೆ ಕುಕ್ಕರಗಾಲಲ್ಲಿ ಕೂತಿದ್ದೆ. ಹತ್ತು ಮಾರು ಆಚೆ ತಮ್ಮ, ಅವನಿಂದ ಹತ್ತು ಮಾರು ಆಚೆ ಸೋದರಮಾವ. ಆ ಬೆಟ್ಟದ ದಿನವನ್ನು ನೆನೆದಾಗ ತುದಿಯಾಗಲಿ, ತುದಿಯಿಂದ ಕಂಡದ್ದಾಗಲಿ ಮೊದಲು ಕಣ್ಣಿಗೆ ಬರುವುದಿಲ್ಲ. ಹಾಗೆ ಕೂತದ್ದೇ ಬರುತ್ತದೆ.

ಅಮ್ಮನ ತವರು ಸೋಮವಾರಪೇಟೆಯ ಕಡೆ. ಮಾವನಿಗೆ ಒಂದಿಷ್ಟು ಕಾಫಿ ತೋಟ, ಒಂದಿಷ್ಟು ಗದ್ದೆ. ಅವರ ಕಣದಲ್ಲಿ ನಿಂತರೆ ಪಡುವಣ ದಿಕ್ಕಿಗೆ ಪುಷ್ಪಗಿರಿ ಕಾಣುತ್ತದೆ. ಕುಕ್ಕೆಯ ಕಡೆಯವರು ಕುಮಾರಪರ್ವತ ಅನ್ನುವುದನ್ನೇ ಈ ಕಡೆ ಪುಷ್ಪಗಿರಿ ಅನ್ನುತ್ತಾರೆ. 1712 ಮೀಟರ್ ಎತ್ತರ. ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ದೊಡ್ಡದು. ಮಾವ ವರ್ಷಕ್ಕೊಂದು ಸಲ, ಕಾಫಿ ಕೊಯ್ಲು ಶುರುವಾಗುವ ಮೊದಲು, ಈ ಕಡೆಯಿಂದ ಬೆಟ್ಟ ಹತ್ತಿ ಆ ಕಡೆ ಕುಕ್ಕೆಗೆ ಇಳಿದು, ಸುಬ್ರಹ್ಮಣ್ಯನಿಗೆ ಕೈಮುಗಿದು, ಬಸ್ಸು ಹಿಡಿದು ಸುತ್ತಿಕೊಂಡು ಮನೆಗೆ ಬರುತ್ತಿದ್ದರು. ಹರಕೆಯೇ ಎಂದು ಕೇಳಿದರೆ "ಹರಕೆ ಎಂಥದ್ದು, ಹೋಗ್ಬೇಕು ಅನ್ಸುತ್ತೆ, ಹೋಗ್ತೀನಿ" ಅನ್ನುತ್ತಿದ್ದರು. ಆ ವರ್ಷ ನಮ್ಮಿಬ್ಬರನ್ನೂ ಕರೆದರು. ನನಗೆ ಆಗ ಇಪ್ಪತ್ತಮೂರು, ತಮ್ಮನಿಗೆ ಹತ್ತೊಂಬತ್ತು, ಮಾವನಿಗೆ ಐವತ್ತೆಂಟು.

ಲೆಕ್ಕ ಸಲೀಸಾಗಿತ್ತು. ಬೀದಳ್ಳಿಯ ಹೆಗ್ಗಡೆಮನೆಯ ಕಡೆಯಿಂದ ತುದಿಗೆ ಸುಮಾರು ಏಳು ಕಿಲೋಮೀಟರು. ತುದಿಯಿಂದ ಕುಕ್ಕೆಗೆ ಹದಿಮೂರು. ಬೆಳಿಗ್ಗೆ ಹೊರಟರೆ ಸಂಜೆಗೆ ಇಳಿಯಬಹುದು. ರಾತ್ರಿ ಎಂಟೂವರೆಗೆ ಕುಕ್ಕೆಯಿಂದ ಬೆಂಗಳೂರಿಗೆ ಬಸ್ಸು. ನಾನು ಎರಡು ಸೀಟು ಮೊದಲೇ ಕಾದಿರಿಸಿದ್ದೆ, ಸೋಮವಾರ ಬೆಳಿಗ್ಗೆ ನನ್ನ ಕೆಲಸದ ಸಂದರ್ಶನವಿತ್ತು. ಟಿಕೆಟ್ ತೋರಿಸಿದಾಗ ಮಾವ ಏನೂ ಹೇಳಲಿಲ್ಲ. ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

ತಲಕಾವೇರಿಯಲ್ಲಿ ತೀರ್ಥೋದ್ಭವ ಮುಗಿದು ಐದು ದಿನವಾಗಿತ್ತು. ತುಲಾ ಸಂಕ್ರಮಣ ಕಳೆಯಿತೆಂದರೆ ಮಳೆಗಾಲ ಮುಗಿದ ಹಾಗೆ ಎಂದು ನಮ್ಮ ನಂಬಿಕೆ. ಆದರೆ ಪಂಚಾಂಗದ ಲೆಕ್ಕದಲ್ಲಿ ಅದು ಚಿತ್ತೆ ಮಳೆಯ ಕೊನೆ. ರೈತರು ಅದನ್ನು ಕುರುಡು ಚಿತ್ತೆ ಅಂತಲೇ ಕರೆಯುತ್ತಾರೆ. ಒಂದು ಗದ್ದೆ ನೆನೆಯುತ್ತದೆ, ಬದುವಿನಾಚೆಯದು ಒಣಗಿಯೇ ಇರುತ್ತದೆ. ಆ ತಿಂಗಳು ಬೆಂಗಳೂರಿನಲ್ಲೂ ಬಿಡದೆ ಸುರಿದು ರಸ್ತೆಗಳು ಹೊಳೆಯಾಗಿದ್ದವು. ಹಿಂದಿನ ರಾತ್ರಿ ಮಾವ ಕಣದಲ್ಲಿ ನಿಂತು ಬಹಳ ಹೊತ್ತು ಆಕಾಶ ನೋಡಿದರು. ನಕ್ಷತ್ರಗಳು ಹೊಳೆಯುತ್ತಿದ್ದವು. "ಇಷ್ಟು ಚೊಕ್ಕ ಇರಬಾರದಿತ್ತು," ಎಂದರು. "ನಾಳೆ ಬೇಗ ಏಳ್ಬೇಕು. ಹತ್ತು ಗಂಟೆಗೆ ತುದಿಯಲ್ಲಿರ್ಬೇಕು."

ನಾಲ್ಕೂವರೆಗೇ ನಮ್ಮನ್ನು ಎಬ್ಬಿಸಿದರು. ನಾವು ಎದ್ದದ್ದು ಐದೂಮುಕ್ಕಾಲಿಗೆ. ಅತ್ತೆ ಬಾಳೆಎಲೆಯಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ ಕಟ್ಟಿಟ್ಟಿದ್ದರು. ಬೆಲ್ಲದ ಕಾಫಿ ಕುಡಿದು, ಜೀಪಿನಲ್ಲಿ ಹೋಗಿ, ಅರಣ್ಯ ಇಲಾಖೆಯವರ ಬಳಿ ಹೆಸರು ಬರೆಸಿ ಕಾಡಿಗೆ ಕಾಲಿಟ್ಟಾಗ ಏಳೂವರೆ ಆಗಿತ್ತು. ಆ ದಿನ ಮುಂದೆ ನಡೆದದ್ದಕ್ಕೆಲ್ಲ ತಡವಾಗಿ ಎದ್ದ ಆ ಒಂದೂಕಾಲು ಗಂಟೆ ಕಾರಣ. ಆಗ ಅದು ನನಗೆ ಹೊಳೆಯಲಿಲ್ಲ.

ಹೊಳೆಯ ಮೇಲೆ ತೂಗುಸೇತುವೆ. ಅದನ್ನು ದಾಟಿದರೆ ದಟ್ಟ ಕಾಡು. ಬಿಸಿಲು ನೆಲಕ್ಕೆ ಮುಟ್ಟುವುದಿಲ್ಲ. ದೂರದಲ್ಲಿ ಎಲ್ಲೋ ಮಂಗಟ್ಟೆಗಳು ನಗುವ ಹಾಗೆ ಕೂಗುತ್ತಿದ್ದವು. ಉಂಬಳಗಳ ಕಾಟ ಹೇಳತೀರದು. ಮಾವ ಒಂದು ಕೋಲಿನ ತುದಿಗೆ ಬಟ್ಟೆಯಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ಗಂಟು ಕಟ್ಟಿಕೊಂಡು ಬಂದಿದ್ದರು. ಅದನ್ನು ಒದ್ದೆ ಮಾಡಿ ತಾಗಿಸಿದರೆ ಉಂಬಳ ತಾನಾಗಿ ಉದುರುತ್ತದೆ. ಉದುರಿದ ಮೇಲೂ ರಕ್ತ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ರಸವೊಂದು ಅದರ ಜೊಲ್ಲಿನಲ್ಲೇ ಇರುತ್ತದೆ. ತಮ್ಮ ಮೊದಲ ಅರ್ಧ ಗಂಟೆ ಎಣಿಸಿದ, ಆಮೇಲೆ ಬಿಟ್ಟ. ಅಲ್ಲಲ್ಲಿ ಆನೆಯ ಲದ್ದಿ. ಒಂದು ಕಡೆ ಮಾವ ಬಗ್ಗಿ ಬೆರಳು ತಾಗಿಸಿ ನೋಡಿ, "ನಿನ್ನೇದು" ಎಂದು ಮುಂದೆ ನಡೆದರು. ಪುಷ್ಪಗಿರಿ ವನ್ಯಜೀವಿ ಧಾಮವೆಂದು ಘೋಷಣೆಯಾದದ್ದು 1987ರಲ್ಲಿ. ಮಾವ ಅದಕ್ಕೂ ಮೊದಲಿಂದ ಆ ದಾರಿ ಬಲ್ಲವರು. ಎಲ್ಲಿ ನೀರಿದೆ, ಎಲ್ಲಿ ಬೇರು ಕಾಲಿಗೆ ಸಿಗುತ್ತದೆ ಎಂಬುದು ಅವರ ಪಾದಕ್ಕೇ ಗೊತ್ತಿತ್ತು.

ಅವರು ನಡೆಯುತ್ತಿದ್ದ ರೀತಿಯನ್ನು ಹೇಳಬೇಕು. ಬಹಳ ನಿಧಾನ, ಆದರೆ ನಿಲ್ಲುವುದಿಲ್ಲ. ನಾವಿಬ್ಬರೂ ಸರಸರ ಮುಂದೆ ಹೋಗುವುದು, ಏದುಸಿರು ಬಿಟ್ಟು ಕೂರುವುದು, ಅಷ್ಟರಲ್ಲಿ ಅವರು ನಮ್ಮನ್ನು ದಾಟಿ ಹೋಗುವುದು. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತಿದ್ದರು. ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾಯಿತು ಅಂದರೆ ನಡಿಗೆ ಜೋರಾಯಿತು ಎಂದರ್ಥ, ಇಷ್ಟೇ ಅವರ ಪಾಠ. ನಾನು ಈಗಲೂ ಬೆಟ್ಟ ಹತ್ತುವುದು ಆ ಅಳತೆಯಲ್ಲೇ.

ಕಾಡು ಮುಗಿದು ಬಂಡೆ ಬಂತು. ತುದಿಗೆ ಹತ್ತಿರವಾಗಿ ನುಣುಪಾದ ಕಡಿದಾದ ಕಲ್ಲಿನ ಮೈ. ಒಣಗಿದ್ದರೆ ಕೈಕಾಲು ಊರಿ ಹತ್ತಬಹುದು, ಒದ್ದೆಯಿದ್ದರೆ ಕಷ್ಟ. ಅವತ್ತು ಒಣಗಿತ್ತು, ಬಿಸಿಲಿಗೆ ಬೆಚ್ಚಗೂ ಇತ್ತು. ಹತ್ತುತ್ತ ತಿರುಗಿ ನೋಡಿದರೆ ನಮ್ಮ ಕಡೆಯ ಸೀಮೆಯೆಲ್ಲ ಬಿಡಿಸಿಟ್ಟ ಹಾಗೆ. ಕಾಫಿ ತೋಟಗಳ ಕಪ್ಪುಹಸಿರು, ನಡುವೆ ತೆನೆಗಟ್ಟುತ್ತಿದ್ದ ಭತ್ತದ ಗದ್ದೆಗಳ ಎಳೆಹಳದಿ. ಒಂದು ಚೂರು ಮೋಡವಿರಲಿಲ್ಲ. "ನೋಡಿ ಮಾವ, ನೀವು ಸುಮ್ಮನೆ ಹೆದರಿಸಿದ್ರಿ," ಎಂದೆ. ಮಾವ ಬಂಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ನಿಂತರು. "ಬೆಟ್ಟಕ್ಕೆ ಎರಡು ಮುಖ ಮಗ. ಈ ಕಡೆ ಮುಖ ನೋಡಿ ಆ ಕಡೇದು ಹೇಳಕ್ಕಾಗಲ್ಲ."

ತುದಿ ಮುಟ್ಟಿದಾಗ ಹನ್ನೆರಡೂ ಕಾಲು. ಅಲ್ಲಿ ಕಲ್ಲು ಒಟ್ಟಿ ಮಾಡಿದ ಪುಟ್ಟ ಗುಡಿ. ತಾರಕಾಸುರನನ್ನು ಕೊಂದ ಮೇಲೆ ಕುಮಾರಸ್ವಾಮಿ ಬಂದದ್ದು ಈ ಬೆಟ್ಟಕ್ಕೆ, ಆಯುಧ ತೊಳೆದದ್ದು ಇಲ್ಲಿ ಹುಟ್ಟುವ ಕುಮಾರಧಾರೆಯಲ್ಲಿ, ಇಂದ್ರನ ಮಗಳು ದೇವಸೇನೆಯನ್ನು ಕೈಹಿಡಿದದ್ದು ಆ ಹೊಳೆಯ ದಡದಲ್ಲಿ, ಮಾರ್ಗಶಿರ ಶುದ್ಧ ಷಷ್ಠಿಯಂದು. ಕುಕ್ಕೆಯ ಚಂಪಾಷಷ್ಠಿಯ ಕಥೆ ಇದು. ಮಾವ ಗುಡಿಯ ಮುಂದೆ ಒಂದು ತೆಂಗಿನಕಾಯಿ ಒಡೆದು ಹೋಳುಗಳನ್ನು ಚೀಲಕ್ಕೆ ಹಾಕಿಕೊಂಡರು, ಬೆಟ್ಟದ ಮೇಲೆ ಚಿಪ್ಪು ಕೂಡ ಬಿಡಬಾರದು ಎಂದು. ಆಮೇಲೆ ಪಡುವಣಕ್ಕೆ ತಿರುಗಿದೆವು.

ಆ ಕಡೆ ಭೂಮಿಯೇ ಇರಲಿಲ್ಲ. ಕುಕ್ಕೆ, ಅದರ ಕಾಡು, ಘಟ್ಟದ ಕೆಳಗಿನ ಊರುಗಳು ಎಲ್ಲವೂ ಇರಬೇಕಾದ ಕಡೆ ಬಿಳಿ ಮೋಡ ಕುದಿಯುವ ಹಾಲಿನ ಹಾಗೆ ಮೇಲೇರುತ್ತಿತ್ತು. ಈ ಬೆಟ್ಟದ ಸ್ವಭಾವವೇ ಹಾಗೆ. ಸಮುದ್ರದ ಕಡೆಯ ಹಸಿ ಗಾಳಿಗೆ ಎದುರು ನಿಂತ ಗೋಡೆ ಇದು. ಗಾಳಿಗೆ ದಾರಿ ಮೇಲಕ್ಕೆ ಮಾತ್ರ. ಏರಿದಷ್ಟೂ ತಣಿಯುತ್ತದೆ, ತಣಿದಷ್ಟೂ ಮೋಡ ಕಟ್ಟುತ್ತದೆ. ಮುಂಗಾರಿನಲ್ಲಿ ಇದು ದಿನವಿಡೀ ನಡೆಯುತ್ತದೆ. ಚಿತ್ತೆ, ಸ್ವಾತಿಯ ದಿನಗಳಲ್ಲಿ ಬೆಳಗಿನ ಬಿಸಿಲಿಗೆ ನೆಲ ಕಾದು, ಮಧ್ಯಾಹ್ನದ ಹೊತ್ತಿಗೆ ಗುಡುಗಿನ ಮೋಡ ಎದ್ದು ನಿಲ್ಲುತ್ತದೆ. ಹತ್ತು ಗಂಟೆಗೆ ತುದಿಯಲ್ಲಿರಬೇಕು ಎಂದು ಮಾವ ಹೇಳಿದ್ದು ಇದಕ್ಕೆ.

ರೊಟ್ಟಿ ಬಿಚ್ಚಲು ಬಿಡಲಿಲ್ಲ. "ನಡಿರಿ, ಕೆಳಗೆ ತಿನ್ನೋಣ." ತಗ್ಗಿನ ಕಾಡಿಗೆ ಇಳಿಯುವಷ್ಟರಲ್ಲಿ ಬೆಳಕು ಹೋಯಿತು. ಗಾಳಿ ನಿಂತಿತು. ಹಕ್ಕಿ ಒಂದೂ ಕೂಗುತ್ತಿರಲಿಲ್ಲ. ಆಗ ಮೊದಲ ಗುಡುಗು.

ಆ ಕಾಡು ದಾಟಿದರೆ ಶೇಷಪರ್ವತದ ಬೋಳು. ಒಂದು ಕಡೆ ಪ್ರಪಾತ, ಉಳಿದದ್ದೆಲ್ಲ ಮೊಣಕಾಲೆತ್ತರದ ಹುಲ್ಲು. ಅಲ್ಲಿಂದ ಗಿರಿಗದ್ದೆಯ ಹತ್ತಿರದವರೆಗೂ ಮರೆ ಎನ್ನುವುದು ಬಹಳ ಕಡಿಮೆ. ಮನುಷ್ಯ ನಿಂತರೆ ಅಲ್ಲಿ ಅವನೇ ಎತ್ತರ. ಮಾವ ಕಾಡಿನ ಅಂಚಿಗೆ ಹತ್ತು ಹೆಜ್ಜೆ ಇರುವಾಗ ನಿಂತರು. ಮಿಂಚಿತು. ಬಾಯಲ್ಲಿ ಎಣಿಸತೊಡಗಿದರು. ಒಂದು, ಎರಡು, ಮೂರು... ಒಂಬತ್ತಕ್ಕೆ ಗುಡುಗು ಕೇಳಿಸಿತು. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂರು ಕಿಲೋಮೀಟರ್ ದೂರ. ಮುಂದಿನ ಮಿಂಚಿಗೆ ಆರು ಎಣಿಸಿದರು.

"ಹಿಂದಕ್ಕೆ ನಡಿರಿ," ಎಂದರು. ನಮ್ಮನ್ನು ತಗ್ಗಿನ ನಡುವಿಗೆ ಕರೆತಂದು, ಸುತ್ತ ಮರಗಳು ಒಂದೇ ಎತ್ತರವಿರುವ ಕಡೆ, ಯಾವ ಬುಡಕ್ಕೂ ಒರಗದ ಹಾಗೆ ಬೇರೆಬೇರೆಯಾಗಿ ಕೂರಿಸಿದರು. ಕೂರುವುದೆಂದರೆ ಚಪ್ಪಟೆಯಾಗಿ ಕೂರುವಂತಿಲ್ಲ, ಪಾದ ಜೋಡಿಸಿ ಕುಕ್ಕರಗಾಲಲ್ಲಿ. ಛತ್ರಿಯನ್ನೂ ಕತ್ತಿಯನ್ನೂ ದೂರದ ಬಂಡೆಯ ಮೇಲೆ ಇಟ್ಟು ಬಂದರು. ಒಟ್ಟಿಗೇ ಕೂತರೆ ಏನಾಗುತ್ತದೆ ಎಂದು ತಮ್ಮ ಕೇಳಿದ. "ಒಬ್ಬರಿಗೆ ಬಡಿದ್ರೆ ಎತ್ತಕ್ಕೆ ಇನ್ನೊಬ್ಬರು ಬೇಕಲ್ಲ."

ಮಳೆ ಇಳಿಯಿತು. ಪ್ಲಾಸ್ಟಿಕ್ ಕೊಪ್ಪೆಯ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ದಾರಿಯೇ ತೊರೆಯಾಯಿತು. ಬೆಳಿಗ್ಗೆ ಬೆವರಿದ್ದ ಮೈ ಈಗ ನಡುಗಲು ಶುರುವಾಯಿತು. ಅಷ್ಟು ಎತ್ತರದಲ್ಲಿ ಕುಕ್ಕೆಗಿಂತ ಏಳೆಂಟು ಡಿಗ್ರಿಯಾದರೂ ತಣ್ಣಗಿರುತ್ತದೆ, ಒದ್ದೆ ಬಟ್ಟೆಗೆ ಗಾಳಿ ಸೇರಿದರೆ ಕೇಳುವುದೇ ಬೇಡ. ಮಾವ ತಮ್ಮ ಕಂಬಳಿಯನ್ನು ತಮ್ಮನ ಕಡೆ ಎಸೆದರು. ಒಂದೂ ಕಾಲಾಯಿತು, ಒಂದೂವರೆ ಆಯಿತು. ಮಳೆ ಒಂದಿಷ್ಟು ಸಣ್ಣಗಾಯಿತು. ನನ್ನ ಕಣ್ಣು ಗಡಿಯಾರದ ಮೇಲೇ ಇತ್ತು. ಎಂಟೂವರೆಯ ಬಸ್ಸಿಗೆ ಇನ್ನೂ ಏಳು ಗಂಟೆ, ಹದಿಮೂರು ಕಿಲೋಮೀಟರು.

"ಮಾವ, ಹೋಗೋಣ," ಎಂದೆ.

"ಇನ್ನೂ ಇದೆ. ಕೂತ್ಕ."

ಎರಡು ಗಂಟೆಗೆ ಮಳೆ ನಿಂತೇ ಹೋಯಿತು. ಎಲೆಗಳಿಂದ ತೊಟ್ಟಿಕ್ಕುವುದಷ್ಟೇ ಉಳಿಯಿತು. ನಾನು ಎದ್ದು ನಿಂತೆ. ಮಾವ ಕೂತಲ್ಲಿಂದಲೇ ಕೈ ಅಡ್ಡ ಹಿಡಿದರು. ಆಗ ನಾನು ಹೇಳಿದೆ: "ನಿಮಗೆ ವಯಸ್ಸಾಯ್ತು ಮಾವ. ಅದಕ್ಕೇ ಹೆದರಿಕೆ."

ಅವರ ಮುಖ ಬಾಡಲಿಲ್ಲ, ಕೆಂಪಾಗಲೂ ಇಲ್ಲ. ನನ್ನನ್ನು ನೋಡಿ, ಆಮೇಲೆ ಆಕಾಶದ ಕಡೆ ನೋಡಿ, "ಹೌದು, ಹೆದರಿಕೆ," ಎಂದರು. "ಚಿತ್ತೆ ಕುರುಡು ಮಗ. ಎತ್ತ ಹೊಯ್ಯುತ್ತೆ ಅಂತ ಅದಕ್ಕೇ ಗೊತ್ತಿರಲ್ಲ. ನಮಗೆ ಕಣ್ಣಿದೆಯಲ್ಲ, ನಾವು ಕೂರ್ಬೇಕು."

ಕೊನೆಯ ಗುಡುಗು ಕೇಳಿ ಪೂರ್ತಿ ಅರ್ಧ ಗಂಟೆ ಕಳೆಯುವವರೆಗೂ ಏಳಲಿಲ್ಲ. ಎರಡೂಮುಕ್ಕಾಲಿಗೆ ಕತ್ತಿಯನ್ನೂ ಛತ್ರಿಯನ್ನೂ ಎತ್ತಿಕೊಂಡು ಹೊರಟರು.

ಓದುವವರು ಇಲ್ಲಿ ಒಂದು ಘಟನೆ ನಿರೀಕ್ಷಿಸಬಹುದು. ನಾವು ಕಾಯದೆ ಹೋಗಿದ್ದರೆ ಸಿಡಿಲು ಬಡಿಯುತ್ತಿತ್ತು ಎಂಬುದಕ್ಕೆ ಸುಟ್ಟ ಹುಲ್ಲೋ, ಸೀಳಿದ ಬಂಡೆಯೋ ಸಿಕ್ಕಿತು ಎಂದು. ಏನೂ ಸಿಗಲಿಲ್ಲ. ಶೇಷಪರ್ವತದ ಹುಲ್ಲು ತೊಳೆದಿಟ್ಟ ಹಾಗಿತ್ತು. ಅಲ್ಲಿ ಸಿಡಿಲು ಬಿದ್ದಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಬಹಳ ದಿನ ಇದೇ ನನ್ನನ್ನು ಕಾಡಿತು. ತಪ್ಪು ಹೆಜ್ಜೆಗೆ ಪುರಾವೆ ಸಿಗುತ್ತದೆ, ಕಾಲು ಮುರಿಯುತ್ತದೆ, ಪ್ರಾಣ ಹೋಗುತ್ತದೆ. ಕಾದು ಕೂತವರ ಕೈಗೆ ಮಾತ್ರ ಏನೂ ಸಿಗುವುದಿಲ್ಲ. ಅವರು ಮನೆಗೆ ಬರುತ್ತಾರೆ, ಅಷ್ಟೆ. ಪಕ್ಕದಲ್ಲಿದ್ದವರು ಹೊತ್ತು ಹಾಳಾಯಿತು ಅನ್ನುತ್ತಾರೆ. ಮಾವ ಇದನ್ನೆಲ್ಲ ತಿಳಿದೇ ಕೂತಿದ್ದರು ಎಂದು ಈಗ ನನಗೆ ಅನ್ನಿಸುತ್ತದೆ.

ಹುಲ್ಲುಗಾವಲಿನ ಇಳಿಜಾರಿನಲ್ಲಿ ಮೋಡ ನಮ್ಮ ಜೊತೆಯಲ್ಲೇ ಇಳಿಯಿತು. ಒಂದು ಗಳಿಗೆ ಮುಂದಿದ್ದ ತಮ್ಮ ಕಾಣುವುದಿಲ್ಲ, ಮರುಗಳಿಗೆ ಪರದೆ ಎಳೆದ ಹಾಗೆ ಕೆಳಗಿನ ಕಣಿವೆ ಪೂರ್ತಿ ಬೆಳಗುತ್ತದೆ. ಒದ್ದೆ ಹುಲ್ಲಿನ ಮೇಲೆ ಓರೆಬಿಸಿಲು ಬಿದ್ದು ಗುಡ್ಡಕ್ಕೆ ಗುಡ್ಡವೇ ಬಂಗಾರದ ಬಣ್ಣಕ್ಕೆ ತಿರುಗಿತ್ತು. ನಾನು ಅದನ್ನು ನೋಡಿದೆ, ಆದರೆ ಅನುಭವಿಸಲಿಲ್ಲ. ಬಸ್ಸಿನ ಲೆಕ್ಕದಲ್ಲಿದ್ದೆ. ಆ ಬೆಳಕನ್ನು ಕಳೆದುಕೊಂಡದ್ದಕ್ಕೆ ನನಗೆ ಇಂದಿಗೂ ದುಃಖವಿದೆ. ಎರಡು ಸಲ ಜಾರಿ ಬಿದ್ದೆ. ಎರಡನೆಯ ಸಲ ಮಂಡಿ ತರಚಿತು. ಕಲ್ಲುಮಂಟಪದ ಹತ್ತಿರದ ತೊರೆಯಲ್ಲಿ ಮಾವ ಗಾಯ ತೊಳೆದರು. ಅಲ್ಲಿ ಕೂತು, ನಾಲ್ಕೂ ಮುಕ್ಕಾಲಿಗೆ, ಬೆಳಗಿನ ರೊಟ್ಟಿ ತಿಂದೆವು. ಬಾಳೆಎಲೆಯ ವಾಸನೆ ಹಿಡಿದ ತಣ್ಣನೆಯ ರೊಟ್ಟಿ. ಮಾವ ತಮ್ಮ ಪಾಲಿನ ಚಟ್ನಿಯನ್ನೂ ನನ್ನ ಎಲೆಗೆ ಹಾಕಿದರು. ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ತಲೆತಗ್ಗಿಸಿ ತಿಂದೆ.

ಗಿರಿಗದ್ದೆ ತಲುಪುವಾಗ ಕತ್ತಲು ಕವಿದಿತ್ತು. ಭಟ್ಟರ ಮನೆಯ ದೀಪ ಕಂಡಿತು. ಬೆಟ್ಟದ ನಡುವೆ ಅಡಿಕೆ ತೋಟವಿರುವ ಆ ಒಂಟಿ ಮನೆ ಗೊತ್ತಿಲ್ಲದ ಚಾರಣಿಗರಿಲ್ಲ. ಅಲ್ಲಿಂದ ಕುಕ್ಕೆಗೆ ಇನ್ನೂ ಆರು ಕಿಲೋಮೀಟರ್, ಪೂರ್ತಿ ಕಾಡು. ಟಾರ್ಚ್ ಇದೆ, ಓಡಿದರೆ ಬಸ್ಸು ಸಿಗಬಹುದು ಎಂದು ತಮ್ಮ ಹೇಳಿದ. ಮಾವ ಬೇಡ ಎನ್ನಲಿಲ್ಲ. ನನ್ನ ಕಡೆ ನೋಡಿದರು, ನೀನೇ ಹೇಳು ಎನ್ನುವ ಹಾಗೆ. ನಾನು ಚೀಲವನ್ನು ಜಗಲಿಯ ಮೇಲೆ ಇಳಿಸಿದೆ.

ಕೈಕಾಲಿಗೆ ಬಿಸಿನೀರು ಸಿಕ್ಕಿತು. ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಅಷ್ಟು ರುಚಿಯಾದ ಊಟ ನಾನು ಮತ್ತೆ ಉಂಡಿಲ್ಲ. ಎಂಟೂವರೆಗೆ, ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ, ಮತ್ತೆ ಮಳೆ ಶುರುವಾಯಿತು. ಮಾವ ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಅದನ್ನು ನೋಡುತ್ತಿದ್ದರು. ಮಾರನೆಯ ಬೆಳಿಗ್ಗೆ ಬಿಸಿಲಿನಲ್ಲಿ ಇಳಿದು, ಕುಮಾರಧಾರೆಯಲ್ಲಿ ಮುಳುಗೆದ್ದು, ದರ್ಶನ ಮಾಡಿ, ಮಧ್ಯಾಹ್ನದ ಬಸ್ಸಿನಲ್ಲಿ ಬೆಂಗಳೂರು ಸೇರಿದೆವು. ಸೋಮವಾರದ ಸಂದರ್ಶನಕ್ಕೆ ಹೋದೆ. ಯಾವುದೂ ತಪ್ಪಲಿಲ್ಲ. ಟಿಕೆಟ್ಟಿನ ದುಡ್ಡು ಹೋಯಿತು, ಅಷ್ಟೆ.

ಮಾವ 2016ರಲ್ಲಿ ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ, 2018ರ ಆಗಸ್ಟಿನ ಮಳೆಯಲ್ಲಿ, ಉತ್ತರ ಕೊಡಗಿನ ಗುಡ್ಡಗಳು ಕುಸಿದು ತೋಟ ಮನೆಗಳನ್ನು ಎಳೆದುಕೊಂಡು ಹೋದವು. ಅವರು ಅದನ್ನು ಕಾಣಲಿಲ್ಲ ಎಂಬುದೊಂದು ಸಮಾಧಾನ. ನಾನು ಆ ದಿನ ಆಡಿದ ಮಾತಿನ ಬಗ್ಗೆ ಅವರ ಬಳಿ ಒಮ್ಮೆಯೂ ಮಾತನಾಡಲಿಲ್ಲ. ಅವರೂ ಎತ್ತಲಿಲ್ಲ. ಕಾಯಿಲೆ ಬಿದ್ದಾಗ ನೋಡಲು ಹೋಗಿದ್ದೆ. ಕಿಟಕಿಯಿಂದ ಬೆಟ್ಟ ಕಾಣುವ ಹಾಗೆ ಮಂಚ ತಿರುಗಿಸಿ ಹಾಕಿಸಿಕೊಂಡಿದ್ದರು. "ಇವತ್ತು ಆ ಕಡೆ ಮಳೆ," ಎಂದರು. ಈ ಕಡೆ ಚೊಕ್ಕ ಬಿಸಿಲಿತ್ತು.

2024ರ ಜನವರಿಯ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಒಬ್ಬರ ಬೆನ್ನಿಗೊಬ್ಬರು ಸಾಲುಗಟ್ಟಿ ನಿಂತ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣಕ್ಕೆ ತಡೆ ಹಾಕಿ, ಮೊದಲೇ ಆನ್‌ಲೈನಿನಲ್ಲಿ ಹೆಸರು ಕಾದಿರಿಸಿದವರಿಗೆ ಮಾತ್ರ, ದಿನಕ್ಕೆ ಇಂತಿಷ್ಟೇ ಮಂದಿ ಎಂಬ ನಿಯಮ ತಂದಿತು. ಅದು ಸರಿಯಾದ ಕೆಲಸ. ಆ ಚಿತ್ರ ನೋಡಿದಾಗ ನನಗೆ ಮೊದಲು ನೆನಪಾದದ್ದು ಆ ತಗ್ಗಿನ ಕಾಡು. ಅಷ್ಟು ಜನ ಬೋಳಿನ ಮೇಲಿರುವಾಗ ಗುಡುಗಿದರೆ ಅವರೆಲ್ಲ ಎಲ್ಲಿ ಕೂರುತ್ತಾರೆ? ಹತ್ತು ಮಾರು ದೂರ ದೂರ ಕೂರಿಸಲು ಅಲ್ಲಿ ಅಷ್ಟು ಜಾಗವಿಲ್ಲ.

ಬೆಟ್ಟಕ್ಕೆ ಹೋಗಬೇಡಿ ಎಂದು ನಾನು ಯಾರಿಗೂ ಹೇಳಲಾರೆ. ಹೋಗಿ. ಕತ್ತಲಿರುವಾಗಲೇ ಎದ್ದು, ಬೆಳಕು ಹರಿದು ದಾರಿ ತೆರೆದ ಕೂಡಲೇ ಹೊರಡಿ, ಒಂದು ಕಂಬಳಿಯೋ ದಪ್ಪ ಬಟ್ಟೆಯೋ ಜೊತೆಗಿರಲಿ. ನಿಮ್ಮಲ್ಲೊಬ್ಬರು ಕೂರೋಣ ಎಂದರೆ, ಯಾಕೆ ಎಂದು ಕೇಳದೆ ಕೂರಿ. ಮತ್ತೆ ಇದೊಂದು ಕೋರಿಕೆ: ವಾಪಸು ಬಸ್ಸಿನ ಟಿಕೆಟನ್ನು ಅದೇ ರಾತ್ರಿಗೆ ತೆಗೆಸಬೇಡಿ, ಮಾರನೆಯ ದಿನಕ್ಕೆ ತೆಗೆಸಿ.